ಕೈಗೆ ಗೊತ್ತಿರುವ ಆರೋಗ್ಯ: ಮನೆಯ ನಾಯಿ, ಬೆಕ್ಕುಗಳ ನಿತ್ಯದ ಆರೈಕೆ

ನಮ್ಮ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ನಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಿವಿಯ ಒಳಬದಿಯಿಂದ ಹಿಡಿದು ಕಾಲಿನ ಬೆರಳುಸಂದಿಯವರೆಗೆ ಅದರ ಮೈಯನ್ನೆಲ್ಲ ತಡವಿ ನೋಡುವುದು ನಿತ್ಯದ ಕೆಲಸ. ನೋಡಿದವರಿಗೆ ಇದು ಮುದ್ದು ಮಾಡಿದಂತೆ ಕಾಣುತ್ತದೆ. ನಾಯಿಯೂ ಹಾಗೆಯೇ ತಿಳಿದುಕೊಂಡಿದೆ. ಆದರೆ ಪಶುವೈದ್ಯರು ತಮ್ಮ ಮೇಜಿನ ಮೇಲೆ ನಡೆಸುವ ಪರೀಕ್ಷೆಯ ಮೊದಲ ಭಾಗವೂ ಇದೇ ಆಗಿರುತ್ತದೆ. ನಾಯಿಗಳು, ಅವುಗಳಿಗಿಂತ ಹೆಚ್ಚಾಗಿ ಬೆಕ್ಕುಗಳು, ತಮ್ಮ ಕಾಯಿಲೆಯನ್ನು ಆದಷ್ಟು ದಿನ ಅಡಗಿಸಿಕೊಳ್ಳುತ್ತವೆ. ಅವು ಊಟ ಬಿಟ್ಟು ಮೂಲೆ ಸೇರಿ, ಮನೆಯವರು ಗಾಬರಿಗೊಳ್ಳುವ ಹೊತ್ತಿಗೆ ರೋಗ ಎಷ್ಟೋ ಮುಂದೆ ಹೋಗಿರುತ್ತದೆ. ಆದ್ದರಿಂದ ನಮ್ಮ ಪ್ರಾಣಿ ಆರೋಗ್ಯವಾಗಿರುವಾಗ ಹೇಗಿರುತ್ತದೆ ಎಂಬುದು ನಮ್ಮ ಕೈಗೂ ಕಣ್ಣಿಗೂ ಚೆನ್ನಾಗಿ ಗೊತ್ತಿರಬೇಕು. ಮನೆಯವರು ತಾವಾಗಿ ಮಾಡಬಹುದಾದ ಚಿಕಿತ್ಸೆ ಬಹಳ ಕಡಿಮೆ, ಮನೆಯವರಷ್ಟೇ ಇಡಬಹುದಾದ ಗಮನ ಬಹಳ ಹೆಚ್ಚು ಎಂದು ನಾನು ದೃಢವಾಗಿ ನಂಬಿದ್ದೇನೆ, ಮತ್ತು ಈ ಎರಡನ್ನು ಅದಲುಬದಲು ಮಾಡಿಕೊಳ್ಳುವುದರಿಂದಲೇ ನಮ್ಮ ಕಡೆ ಎಷ್ಟೋ ಪ್ರಾಣಿಗಳು ಸಾಯುತ್ತಿವೆ ಎಂಬ ಸಂಕಟದಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲಿಗೆ, ತಿಳಿದಿರಬೇಕಾದ ಕೆಲವು ಅಳತೆಗಳು. ಆರೋಗ್ಯವಂತ ನಾಯಿಯ ಮೈಬಿಸಿ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ, ಬೆಕ್ಕಿನದೂ ಹೆಚ್ಚುಕಡಿಮೆ ಅಷ್ಟೇ. ನಮ್ಮ ಮೈಗಿಂತ ಅವುಗಳ ಮೈ ಯಾವಾಗಲೂ ಬಿಸಿಯಾಗಿಯೇ ಇರುವುದರಿಂದ, ಹೊಟ್ಟೆ ಮುಟ್ಟಿ ಜ್ವರವೆಂದೋ, ಮೂಗು ಒಣಗಿದೆಯೆಂದು ಕಾಯಿಲೆಯೆಂದೋ ತೀರ್ಮಾನಿಸಿದರೆ ತಪ್ಪಾಗುತ್ತದೆ. ನಿದ್ದೆಯಿಂದ ಆಗತಾನೆ ಎದ್ದ ನಾಯಿಯ ಮೂಗು ಒಣಗಿರುವುದು ಸಹಜ. ಜ್ವರ ಬಂದ ನಾಯಿಯ ಮೂಗು ಒದ್ದೆಯಾಗಿರುವುದೂ ಉಂಟು. ಡಿಜಿಟಲ್ ಥರ್ಮಾಮೀಟರ್ ಒಂದನ್ನು ಪ್ರಾಣಿಗಳಿಗೆಂದೇ ಬೇರೆ ಇಟ್ಟುಕೊಂಡು, ಅದರ ತುದಿಗೆ ಸ್ವಲ್ಪ ವ್ಯಾಸಲೀನ್ ಸವರಿ, ಗುದದ್ವಾರದಲ್ಲಿ ಇಟ್ಟು ನೋಡುವುದೊಂದೇ ನಂಬಬಹುದಾದ ಕ್ರಮ. 103 ಡಿಗ್ರಿ ದಾಟಿದರೆ ವೈದ್ಯರನ್ನು ಕಾಣಬೇಕು. ಒಪ್ಪದ ಬೆಕ್ಕಿಗೆ ಈ ಪರೀಕ್ಷೆಯನ್ನು ಬಲವಂತವಾಗಿ ಮಾಡುವುದು ಬೇಡ. ಅದರ ಉಸಿರನ್ನು ಎಣಿಸಿದರೂ ಬಹಳಷ್ಟು ತಿಳಿಯುತ್ತದೆ. ಗಾಢವಾಗಿ ನಿದ್ದೆ ಮಾಡುತ್ತಿರುವ ನಾಯಿ ಅಥವಾ ಬೆಕ್ಕು ನಿಮಿಷಕ್ಕೆ 30ಕ್ಕಿಂತ ಕಡಿಮೆ ಬಾರಿ ಉಸಿರಾಡುತ್ತದೆ. ತಂಪಾದ ಹೊತ್ತಿನಲ್ಲಿಯೂ ಈ ಸಂಖ್ಯೆ ಮತ್ತೆ ಮತ್ತೆ ಮೇಲೇರುತ್ತಿದ್ದರೆ ಹೃದಯ ಅಥವಾ ಶ್ವಾಸಕೋಶದ ಕಡೆ ಗಮನ ಹರಿಸಬೇಕಾಗುತ್ತದೆ.

ಒಸಡನ್ನು ನೋಡುವುದು ನನಗೆ ಇವೆಲ್ಲಕ್ಕಿಂತ ಮುಖ್ಯವೆನಿಸುತ್ತದೆ. ತುಟಿಯನ್ನು ಎತ್ತಿ ಒಸಡನ್ನು ಬೆರಳಿನಿಂದ ಒತ್ತಿಬಿಟ್ಟರೆ ಆ ಜಾಗ ಬಿಳಿಚಿಕೊಂಡು, ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ಬರಬೇಕು. ನಮ್ಮ ನಾಡನಾಯಿಗಳಲ್ಲಿ ಅನೇಕಕ್ಕೆ ಒಸಡು ಕಪ್ಪಾಗಿಯೇ ಇರುತ್ತದೆ. ಅಂಥವುಗಳ ಕೆಳ ರೆಪ್ಪೆಯನ್ನು ಮೆಲ್ಲಗೆ ಎಳೆದು ಒಳಗಿನ ಬಣ್ಣವನ್ನು ನೋಡಬೇಕು. ಬಿಳಿಚಿದ್ದರೆ ರಕ್ತ ಕಡಿಮೆಯಾಗಿದೆ, ಹಳದಿಯಾಗಿದ್ದರೆ ಕಾಮಾಲೆಯ ಸೂಚನೆ, ನೀಲಿಯಾಗಿದ್ದರೆ ಉಸಿರು ಸಾಲುತ್ತಿಲ್ಲ. ಈ ಮೂರರಲ್ಲಿ ಯಾವುದು ಕಂಡರೂ ನಾಳೆಗೆ ಕಾಯುವಂತಿಲ್ಲ.

ಮಲೆನಾಡಿನಲ್ಲಿರುವ ನಮಗೆ ಮಳೆ ಶುರುವಾಗುವ ಹೊತ್ತಿನಿಂದ ಪ್ರಾಣಿಗಳ ಮೈಗಂಟಿ ರಕ್ತ ಹೀರುವ ಉಣ್ಣೆಯದೇ ಚಿಂತೆ. ಬಯಲುಸೀಮೆಯವರಿಗೂ ಬೆಂಗಳೂರಿನ ಅಪಾರ್ಟ್‌ಮೆಂಟುಗಳವರಿಗೂ ಈ ಚಿಂತೆ ಕಡಿಮೆಯೇನಲ್ಲ, ಏಕೆಂದರೆ ನಾಯಿಯನ್ನು ಕಾಡುವ ಕಂದು ಉಣ್ಣೆ ಮನೆಯೊಳಗೇ ಸಂಸಾರ ಹೂಡಬಲ್ಲ ಜೀವಿ. ರಕ್ತ ಕುಡಿದು ಉಬ್ಬಿದ ಹೆಣ್ಣು ಉಣ್ಣೆ ನಾಯಿಯ ಮೈಯಿಂದ ಉದುರಿ, ಗೋಡೆಯ ಬಿರುಕು, ಬಾಗಿಲ ಚೌಕಟ್ಟಿನ ಸಂದು, ಮಂಚದ ಅಡಿ, ಗೂಡಿನ ಮರದ ಸೀಳುಗಳಂಥ ಕಡೆ ಸೇರಿಕೊಂಡು ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಮೊಟ್ಟೆಯೊಡೆದು ಬರುವ ಮರಿಗಳು ಕಣ್ಣಿಗೆ ಕಾಣುವುದೇ ಕಷ್ಟ, ಮತ್ತು ಬೆಳೆದ ಉಣ್ಣೆಗಳು ಊಟವಿಲ್ಲದೆ ತಿಂಗಳುಗಟ್ಟಲೆ ಕಾಯಬಲ್ಲವು. ಹೀಗಾಗಿ ನಾಯಿಯ ಮೈಯಿಂದ ಎಷ್ಟು ಕಿತ್ತರೂ ಮುಗಿಯುವುದಿಲ್ಲ ಎಂದು ಬೇಸರಪಡುವವರು ಮನೆಯ ಸಂದುಗೊಂದುಗಳನ್ನು ಗುಡಿಸಿ, ಬಿರುಕುಗಳಿಗೆ ಸಿಮೆಂಟು ಮೆತ್ತಿ, ಹಾಸಿಗೆ ಬಟ್ಟೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ನೋಡಬೇಕು. ನಾಯಿಗೆ ಔಷಧಿ, ಮನೆಗೆ ಶುಚಿ ಎರಡೂ ಒಟ್ಟಿಗೆ ನಡೆದರೆ ಮಾತ್ರ ಕೆಲವು ತಿಂಗಳುಗಳಲ್ಲಿ ಹತೋಟಿ ಸಾಧ್ಯ.

ಮೈಮೇಲೆ ಉಣ್ಣೆ ಸಿಕ್ಕಾಗ ಚಿಮುಟವನ್ನು ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ತಿರುಚದೆ ನೇರವಾಗಿ ಮೆಲ್ಲಗೆ ಎಳೆಯಬೇಕು. ಬೆರಳಲ್ಲಿ ಹಿಸುಕಬಾರದು; ಸೋಪಿನ ನೀರಿಗೋ ಸ್ಪಿರಿಟ್ಟಿಗೋ ಹಾಕಿ ಕೊಲ್ಲಬೇಕು. ಸೀಮೆಎಣ್ಣೆ ಸುರಿಯುವುದು, ಬೆಂಕಿಕಡ್ಡಿ ತಾಗಿಸುವುದು, ಅಡಿಕೆ ತೋಟಕ್ಕೆ ತಂದ ಕೀಟನಾಶಕವನ್ನೇ ಅಂದಾಜಿನಲ್ಲಿ ನೀರಿಗೆ ಬೆರೆಸಿ ನಾಯಿಗೆ ಹುಯ್ಯುವುದು, ಇವೆಲ್ಲ ನಮ್ಮ ಕಡೆ ಇಂದಿಗೂ ನಡೆಯುತ್ತವೆ, ಮತ್ತು ಇವುಗಳಿಂದ ಉಣ್ಣೆಗಿಂತ ಮೊದಲು ನಾಯಿಗೆ ಅಪಾಯ. ಬೆನ್ನಿಗೆ ಹನಿಸುವ ಫಿಪ್ರೋನಿಲ್, ಬಾಯಿಗೆ ಕೊಡುವ ಮಾತ್ರೆ, ನೀರಿಗೆ ಬೆರೆಸಿ ಹಚ್ಚುವ ಅಮಿಟ್ರಾಜ್ ಎಂದು ದಾರಿಗಳು ಹಲವಿವೆ. ಯಾವುದು, ಎಷ್ಟು ಎಂಬುದನ್ನು ನಾಯಿಯ ತೂಕ ಮತ್ತು ವಯಸ್ಸು ನೋಡಿ ವೈದ್ಯರೇ ಹೇಳಲಿ. ಒಂದು ಮಾತನ್ನು ಮಾತ್ರ ಒತ್ತಿ ಹೇಳುತ್ತೇನೆ: ನಾಯಿಗೆಂದು ತಂದ ಔಷಧಿಯನ್ನು ಬೆಕ್ಕಿಗೆ ಹಚ್ಚಬೇಡಿ. ಪರ್ಮೆಥ್ರಿನ್ ಇರುವ, ನಾಯಿಗೆ ನಿರಪಾಯವಾದ ಹನಿ ಔಷಧಿ ಬೆಕ್ಕಿನಲ್ಲಿ ನಡುಕ ಮತ್ತು ಸೆಳೆತ ತಂದು ಪ್ರಾಣವನ್ನೇ ತೆಗೆಯಬಲ್ಲದು. ಅಮಿಟ್ರಾಜ್ ಕೂಡ ಬೆಕ್ಕಿಗೆ ಆಗದು.

ಇಷ್ಟೆಲ್ಲ ಎಚ್ಚರ ಏಕೆಂದರೆ ಉಣ್ಣೆ ರಕ್ತ ಹೀರುವುದಕ್ಕಿಂತ ಅದು ಬಿಟ್ಟುಹೋಗುವ ರೋಗ ಭಯಂಕರವಾದದ್ದು. ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾ, ಕೆಂಪು ರಕ್ತಕಣಗಳೊಳಗೆ ಸೇರಿಕೊಳ್ಳುವ ಬೆಬೇಸಿಯಾ ಎಂಬ ಪರಾವಲಂಬಿ, ಇವುಗಳಿಂದ ಬರುವ ಕಾಯಿಲೆಗಳನ್ನು ಒಟ್ಟಾಗಿ ಉಣ್ಣೆ ಜ್ವರವೆಂದು ಕರೆಯುತ್ತೇವೆ. ಕಚ್ಚಿದ ಒಂದೆರಡು ವಾರಗಳ ನಂತರ ನಾಯಿ ಮಂಕಾಗುತ್ತದೆ, ಊಟ ಬಿಡುತ್ತದೆ, ಜ್ವರ ಬಂದು ಹೋಗುತ್ತಿರುತ್ತದೆ. ಎರ್ಲಿಕಿಯಾದಲ್ಲಿ ಪ್ಲೇಟ್‌ಲೆಟ್ಟುಗಳು ಕುಸಿದು ಮೂಗಿನಲ್ಲಿ ರಕ್ತ ಬರಬಹುದು, ಹೊಟ್ಟೆಯ ಚರ್ಮದ ಮೇಲೆ ಕೆಂಪು ಚುಕ್ಕೆಗಳು ಕಾಣಬಹುದು. ಬೆಬೇಸಿಯಾದಲ್ಲಿ ಒಸಡು ಬಿಳಿಚಿ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಬಹುದು. ರಕ್ತಪರೀಕ್ಷೆಯಿಲ್ಲದೆ ಯಾವುದೆಂದು ಹೇಳಲಾಗದು, ಎರಡಕ್ಕೂ ಔಷಧಿ ಬೇರೆ. ಎರ್ಲಿಕಿಯಾಗೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಸಾಮಾನ್ಯವಾಗಿ 28 ದಿನ ಕೊಡಬೇಕಾಗುತ್ತದೆ. ಮೂರು ನಾಲ್ಕು ದಿನದಲ್ಲೇ ನಾಯಿ ಎದ್ದು ಓಡಾಡಿ ಊಟ ಮಾಡುವುದನ್ನು ಕಂಡು ಮಾತ್ರೆ ನಿಲ್ಲಿಸಿಬಿಡುವವರು ಬಹಳ ಮಂದಿ. ಹಾಗೆ ನಿಲ್ಲಿಸಿದರೆ ರೋಗ ಒಳಗೇ ಉಳಿದು, ತಿಂಗಳುಗಳ ನಂತರ ಮೂಳೆಯ ಮಜ್ಜೆಯನ್ನೇ ಕೆಡಿಸಿಕೊಂಡು ಬರಬಹುದು. ಪಪ್ಪಾಯಿ ಎಲೆಯ ರಸದ ಮೇಲೆ ಭರವಸೆ ಇಟ್ಟು ರಕ್ತಪರೀಕ್ಷೆಯನ್ನು ಮುಂದೂಡುವುದೂ ಹಾಗೆಯೇ ಅಪಾಯದ್ದು.

ನಮ್ಮ ಜಿಲ್ಲೆಯವರಿಗೆ ಉಣ್ಣೆ ಎಂದೊಡನೆ ಮಂಗನ ಕಾಯಿಲೆಯ ನೆನಪಾಗುವುದು ಸಹಜ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಕಡೆ ಮೊದಲು ಗುರುತಿಸಲಾದ ಆ ರೋಗವನ್ನು ಮುಖ್ಯವಾಗಿ ಹರಡುವುದು ಕಾಡಿನ ಬೇರೆ ಜಾತಿಯ ಉಣ್ಣೆ. ಮನೆಯ ನಾಯಿಯ ಮೇಲೆ ಸಾಮಾನ್ಯವಾಗಿ ಕಾಣುವ ಕಂದು ಉಣ್ಣೆಯಲ್ಲ. ಹಾಗಿದ್ದರೂ ಕಾಡಂಚಿನ ಊರುಗಳಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ದರಗಿನ ಮೇಲೆ ಓಡಾಡಿ ಬಂದ ನಾಯಿಯನ್ನು ಜಗುಲಿಗೆ ಬಿಟ್ಟುಕೊಳ್ಳುವ ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ಇನ್ನು ಮನೆಯ ಔಷಧಿ ಡಬ್ಬಿಯ ವಿಷಯ. ಜ್ವರ ಬಂದ ಬೆಕ್ಕಿಗೆ ಮಗುವಿಗೆ ಕೊಟ್ಟಂತೆ ಕಾಲು ಮಾತ್ರೆ ಪ್ಯಾರಸಿಟಮಾಲ್ ಕೊಟ್ಟವರನ್ನು ನಾನು ಬಲ್ಲೆ. ಕೊಟ್ಟದ್ದು ಪ್ರೀತಿಯಿಂದಲೇ. ಆದರೆ ಪ್ಯಾರಸಿಟಮಾಲನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ. ಅದು ವಿಷವಾಗಿ ಪರಿಣಮಿಸಿ, ರಕ್ತ ಆಮ್ಲಜನಕವನ್ನು ಹೊರಲಾರದಂತಾಗಿ, ಒಸಡು ಕಂದುಬಣ್ಣಕ್ಕೆ ತಿರುಗಿ, ಮುಖ ಮತ್ತು ಪಾದಗಳು ಊದಿಕೊಳ್ಳುತ್ತವೆ. ಬೆಕ್ಕಿನ ಮಟ್ಟಿಗೆ ಪ್ಯಾರಸಿಟಮಾಲ್‌ನಲ್ಲಿ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡಗಳನ್ನು ಕೆಡಿಸುತ್ತವೆ. ಕಪಾಟಿನಲ್ಲಿಡುವ ನುಸಿಗುಳಿಗೆ, ನೆಲ ಒರೆಸುವ ಫಿನಾಯಿಲ್ ಕೂಡ ಬೆಕ್ಕಿರುವ ಮನೆಗೆ ತಕ್ಕವಲ್ಲ, ಏಕೆಂದರೆ ಬೆಕ್ಕು ಒದ್ದೆ ನೆಲದ ಮೇಲೆ ನಡೆದು, ಆಮೇಲೆ ಕೂತು ತನ್ನ ಪಾದಗಳನ್ನು ನೆಕ್ಕಿಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಸಾದಾ ಸೋಪಿನ ನೀರಿನಲ್ಲೇ ನೆಲ ಒರೆಸುತ್ತೇವೆ.

ಊಟದಲ್ಲಿ ದೂರ ಇಡಬೇಕಾದವೂ ಅಡುಗೆಮನೆಯಲ್ಲೇ ಇರುತ್ತವೆ. ಈರುಳ್ಳಿ, ಬೆಳ್ಳುಳ್ಳಿಗಳು ನಾಯಿ ಬೆಕ್ಕುಗಳೆರಡರ ಕೆಂಪು ರಕ್ತಕಣಗಳನ್ನೂ ಒಡೆಯುತ್ತವೆ. ಬೇಯಿಸಿದರೆ ಆ ಗುಣ ಹೋಗುವುದಿಲ್ಲ, ಹಾಗಾಗಿ ಉಳಿದ ಸಾಂಬಾರನ್ನೋ ಸಾಗುವನ್ನೋ ಅನ್ನಕ್ಕೆ ಕಲಸಿ ಹಾಕುವ ರೂಢಿ ಬಿಡಬೇಕು. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಗಳನ್ನು ಹಠಾತ್ತನೆ ಕೆಡಿಸಬಲ್ಲವು, ಹಬ್ಬದ ದಿನ ಪಾಯಸ, ಕೇಸರಿಬಾತು ಮಾಡುವ ಮನೆಗಳು ಇದನ್ನು ನೆನಪಿಡಬೇಕು. ಚಾಕೊಲೇಟೂ ನಾಯಿಗೆ ವಿಷವೇ. ಬೇಯಿಸಿದ ಕೋಳಿಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ರಾಗಿಮುದ್ದೆ ಅಥವಾ ಮೊಸರನ್ನವನ್ನಷ್ಟೇ ಉಂಡು ಬೆಳೆದ ನಾಯಿಗೆ ಹೊಟ್ಟೆ ತುಂಬುತ್ತದೆ, ಆದರೆ ಸಾಕಷ್ಟು ಪ್ರೋಟೀನ್ ಸಿಗುವುದಿಲ್ಲ. ಬೇಯಿಸಿದ ಮೊಟ್ಟೆಯನ್ನೋ ಮಾಂಸವನ್ನೋ ಜೊತೆಗೂಡಿಸಬೇಕು. ಹಾಗೆಂದು ಎಲ್ಲ ನಾಯಿಯನ್ನೂ ಉರುಟಾಗಿಸುವುದೂ ಆರೋಗ್ಯವಲ್ಲ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಓಟಕ್ಕೆಂದೇ ರೂಪುಗೊಂಡ ತಳಿ, ಅದರ ಕೊನೆಯ ಪಕ್ಕೆಲುಬುಗಳು ಎದ್ದು ಕಾಣುವುದು ಅದರ ಸಹಜ ಮೈಕಟ್ಟು. ಬಡಕಲಾಗಿದೆಯೆಂದು ಮರುಗಿ ಅದಕ್ಕೆ ತುಪ್ಪ, ಅನ್ನ ತುರುಕುವವರು ಅದರ ಕೀಲುಗಳ ಮೇಲೆ ಭಾರ ಹೊರಿಸುತ್ತಿದ್ದಾರೆ.

ಬೆಕ್ಕಿನ ಊಟ ಬೇರೆಯೇ ವಿಷಯ, ಮತ್ತು ಇಲ್ಲಿ ನಾನು ಸ್ವಲ್ಪ ಕಠಿಣವಾಗಿಯೇ ಮಾತನಾಡುತ್ತೇನೆ. ಬೆಕ್ಕು ಮಾಂಸವಿಲ್ಲದೆ ಬದುಕಲು ಹುಟ್ಟಿದ ಪ್ರಾಣಿಯಲ್ಲ. ಟಾರಿನ್ ಎಂಬ ಪೋಷಕಾಂಶವನ್ನು ತನಗೆ ಬೇಕಾದಷ್ಟು ತಯಾರಿಸಿಕೊಳ್ಳಲು ಅದರ ದೇಹಕ್ಕೆ ಆಗುವುದಿಲ್ಲ, ಮಾಂಸ, ಮೀನುಗಳಿಂದಲೇ ಅದು ಸಿಗಬೇಕು. ಟಾರಿನ್ ಕೊರತೆಯಾದರೆ ಕಣ್ಣಿನ ಅಕ್ಷಿಪಟಲ ಹಾಳಾಗಿ ಕುರುಡಾಗಬಹುದು, ಹೃದಯದ ಸ್ನಾಯು ಸಡಿಲವಾಗಿ ಹಿಗ್ಗಿಕೊಳ್ಳಬಹುದು. ಆಹಾರದ ಟಾರಿನ್‌ಗೂ ಬೆಕ್ಕುಗಳ ಈ ಹೃದಯರೋಗಕ್ಕೂ ಇರುವ ಸಂಬಂಧ 1987ರಲ್ಲಿ ಬೆಳಕಿಗೆ ಬಂದಿತು. ನಾಯಿಯ ಸಿದ್ಧ ಆಹಾರವೂ ಬೆಕ್ಕಿಗೆ ಸಾಲದು. ಹಾಲಂತೂ ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಅರಗುವುದೇ ಇಲ್ಲ, ಭೇದಿಯಾಗುತ್ತದೆ. ನಮ್ಮದು ಮಾಂಸ ಬೇಯಿಸದ ಮನೆ. ಬೆಕ್ಕುಗಳು ಬಂದಾಗ ಹಿರಿಯರೊಡನೆ ಮಾತನಾಡಿ, ಅವುಗಳಿಗೆಂದು ತಯಾರಾದ ಆಹಾರವನ್ನು ಹಿತ್ತಲ ಕಡೆಯ ಕೋಣೆಯಲ್ಲಿಡಲು ಒಪ್ಪಿಸಿಕೊಂಡೆವು. ಅದಕ್ಕೂ ಒಪ್ಪಿಗೆ ಸಿಗದ ಮನೆಯವರು ಬೆಕ್ಕನ್ನು ಸಾಕದಿರುವುದೇ ಆ ಪ್ರಾಣಿಗೆ ಮಾಡುವ ಉಪಕಾರ. ಮಾಂಸ ಬೇಯಿಸಿ ಕೊಡುವವರು ಬೇಯಿಸಿದ ನೀರನ್ನು ಚೆಲ್ಲಬಾರದು. ಟಾರಿನ್ ಆ ನೀರಿಗೆ ಇಳಿದಿರುತ್ತದೆ.

ಬೆಕ್ಕಿನ ವಿಷಯದಲ್ಲಿ ದಿನವೂ ನೋಡಬೇಕಾದ ಜಾಗ ಅದರ ಮರಳಿನ ತಟ್ಟೆ. ಎಷ್ಟು ಸಲ ಮೂತ್ರ ಮಾಡಿದೆ, ಮರಳಿನ ಗಂಟು ಎಂದಿನಷ್ಟೇ ಇದೆಯೇ, ಮಲ ಗಟ್ಟಿಯೋ ನೀರೋ ಎಂಬುದನ್ನು ತಟ್ಟೆ ಬಳಿಯುವಾಗ ಗಮನಿಸಿದರೆ ಸಾಕು. ಗಂಡು ಬೆಕ್ಕು ಮತ್ತೆ ಮತ್ತೆ ತಟ್ಟೆಗೆ ಹೋಗಿ ಕೂತು, ತಿಣುಕಿ, ಕೂಗಿ, ಏನೂ ಮಾಡದೆ ಎದ್ದು ಬರುತ್ತಿದ್ದರೆ ಮನೆಯವರು ಮಲಬದ್ಧತೆಯೆಂದು ತಿಳಿದು ಹರಳೆಣ್ಣೆ ಕುಡಿಸುತ್ತಾರೆ. ಹೆಚ್ಚಾಗಿ ಅದು ಮೂತ್ರನಾಳ ಕಟ್ಟಿಕೊಂಡಿರುವ ಲಕ್ಷಣ. ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಪೂರ್ತಿ ಕಟ್ಟಿಕೊಂಡರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಒಂದೆರಡು ದಿನದೊಳಗೆ ಹೃದಯ ನಿಂತುಹೋಗಬಹುದು. ರಾತ್ರಿಯಾದರೂ ಸರಿ, ಭಾನುವಾರವಾದರೂ ಸರಿ, ಆಗಲೇ ಹೊರಡಬೇಕು. ಬೆಕ್ಕು ಎರಡು ದಿನ ಪೂರ್ತಿ ಊಟ ಬಿಟ್ಟರೂ ಹಸಿವಾದಾಗ ತಿನ್ನುತ್ತದೆ ಎಂದು ಬಿಡುವಂತಿಲ್ಲ, ಅದರಲ್ಲೂ ದಪ್ಪ ಬೆಕ್ಕಿನಲ್ಲಿ ಕೊಬ್ಬು ಯಕೃತ್ತಿಗೆ ತುಂಬಿಕೊಂಡು ಕಾಮಾಲೆಯಾಗುತ್ತದೆ. ಮಾತ್ರೆ ಕೊಟ್ಟಾಗ ಹಿಂದೆಯೇ ಒಂದಿಷ್ಟು ನೀರನ್ನೋ ತೆಳು ಆಹಾರವನ್ನೋ ಕೊಡಬೇಕೆಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಡಾಕ್ಸಿಸೈಕ್ಲಿನ್‌ನಂಥ ಮಾತ್ರೆ ಬೆಕ್ಕಿನ ಅನ್ನನಾಳದಲ್ಲಿ ಒಣದಾಗಿ ಸಿಕ್ಕಿಕೊಂಡರೆ ಅಲ್ಲಿ ಹುಣ್ಣಾಗಿ ನಾಳವೇ ಕಿರಿದಾಗುತ್ತದೆ.

ಸ್ನಾನ, ಕಿವಿ, ಹಲ್ಲುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾಯಿಗೆ ಮೂರು ನಾಲ್ಕು ವಾರಕ್ಕೊಮ್ಮೆ ಅದರದೇ ಶಾಂಪೂವಿನ ಸ್ನಾನ ಸಾಕು. ಮನುಷ್ಯರ ಶಾಂಪೂ ಅದರ ಚರ್ಮಕ್ಕೆ ಹೊಂದುವುದಿಲ್ಲ. ಮಳೆಗಾಲದಲ್ಲಿ ಜೋತುಬಿದ್ದ ಕಿವಿಯ ನಾಯಿಗಳ ಕಿವಿಯೊಳಗೆ ತೇವ ಉಳಿದು ವಾಸನೆ, ಕಂದು ಗುಗ್ಗೆ ಶುರುವಾಗುತ್ತದೆ, ಆದ್ದರಿಂದ ನೆನೆದು ಬಂದಾಗಲೆಲ್ಲ ಕಿವಿ ಮತ್ತು ಬೆರಳುಸಂದಿ ಒರೆಸಬೇಕು. ಹತ್ತಿ ಸುತ್ತಿದ ಕಡ್ಡಿಯನ್ನು ಕಿವಿಯೊಳಗೆ ತೂರಿಸಬಾರದು. ಹಲ್ಲುಜ್ಜಲು ನಮ್ಮ ಟೂತ್‌ಪೇಸ್ಟ್ ಬೇಡ. ಅವು ಅದನ್ನು ಉಗುಳಲಾರವು, ನುಂಗುತ್ತವೆ. ಬೇಸಿಗೆಯಲ್ಲಿ ನಡುಹಗಲಿನ ಡಾಂಬರು ರಸ್ತೆಯ ಮೇಲೆ ನಾಯಿಯನ್ನು ನಡೆಸಬಾರದು. ಬಿಸಿಲಿಗೆ ಏದುಸಿರು ಬಿಟ್ಟು ಕುಸಿದ ನಾಯಿಯ ಮೈಗೆ ಸಾಮಾನ್ಯ ನೀರು ಹುಯ್ದು, ಫ್ಯಾನ್ ಹಾಕಿ, ತಣಿಸುತ್ತಲೇ ಆಸ್ಪತ್ರೆಗೆ ಸಾಗಿಸಬೇಕು. ಕಲಬುರಗಿ, ರಾಯಚೂರಿನ ಬಿಸಿಲಲ್ಲಿ ಹಿಮನಾಡಿನ ಹಸ್ಕಿಯನ್ನು ಸಾಕುವ ಆಸೆ ನನಗೆ ಅರ್ಥವಾಗುವುದಿಲ್ಲ.

ಲಸಿಕೆಯ ವಿಷಯದಲ್ಲಿ ಜಿಪುಣತನ ಸಲ್ಲದು. ನಾಯಿಮರಿಗೆ ಆರರಿಂದ ಎಂಟು ವಾರದಲ್ಲಿ ಶುರುಮಾಡಿ, ಹದಿನಾರು ವಾರ ತುಂಬುವವರೆಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡಿಸಬೇಕು, ಏಕೆಂದರೆ ತಾಯಿಹಾಲಿನಿಂದ ಬಂದ ರಕ್ಷಣೆ ಇರುವಷ್ಟು ದಿನ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ, ಆ ರಕ್ಷಣೆ ಯಾವಾಗ ಇಳಿಯುತ್ತದೆ ಎಂಬುದು ಮರಿಯಿಂದ ಮರಿಗೆ ಬೇರೆ. ಒಂದು ಸೂಜಿ ಹಾಕಿಸಿ ಬಿಟ್ಟ ಮರಿಗಳೇ ಪಾರ್ವೋ ಎಂಬ ವೈರಾಣು ರೋಗ ಬಂದು, ವಾಂತಿ ಮತ್ತು ರಕ್ತಭೇದಿಯಿಂದ ನಿತ್ರಾಣವಾಗಿ ಸಾಯುವುದನ್ನು ಕಾಣುತ್ತೇವೆ. ಆ ವೈರಾಣು ಅಂಗಳದ ಮಣ್ಣಿನಲ್ಲಿ ವರ್ಷದವರೆಗೂ ಉಳಿಯಬಲ್ಲದು. ಪಾರ್ವೋದಿಂದ ಮರಿ ಸತ್ತ ಮನೆಗೆ ಕೂಡಲೇ ಇನ್ನೊಂದು ಮರಿ ತರಬಾರದು. ಇಲಿಯ ಮೂತ್ರದಿಂದ ಮಳೆನೀರಿಗೆ ಸೇರುವ ಇಲಿ ಜ್ವರದ ಲಸಿಕೆಯನ್ನು ವರ್ಷಕ್ಕೊಮ್ಮೆ ಹಾಕಿಸಬೇಕು, ಅದು ನಮಗೂ ಬರುವ ರೋಗ. ರೇಬೀಸ್ ಲಸಿಕೆ ಮೂರು ತಿಂಗಳ ನಂತರ, ಆಮೇಲೆ ವರ್ಷ ವರ್ಷ, ಹೊರಗೆ ಕಾಲಿಡದ ಬೆಕ್ಕಿಗೂ ಸೇರಿ. ಯಾವ ಪ್ರಾಣಿ ಕಚ್ಚಿದರೂ, ಪರಚಿದರೂ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ, ಖಾರದಪುಡಿ ಮೆತ್ತಬಾರದು. ಹೆಣ್ಣು ನಾಯಿಗೆ ಸಂತಾನಹರಣ ಮಾಡಿಸದಿದ್ದವರು, ಬೆದೆ ಮುಗಿದ ಕೆಲವು ವಾರಗಳಲ್ಲಿ ಅದು ಅತಿಯಾಗಿ ನೀರು ಕುಡಿಯುತ್ತಿದೆಯೇ ಎಂದು ನೋಡುತ್ತಿರಬೇಕು, ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆ ಹೀಗೆಯೇ ಶುರುವಾಗುತ್ತದೆ.

ಜಂತುಹುಳುವಿನ ಔಷಧಿಯನ್ನು ಮರಿಗಳಿಗೆ ಎರಡು ವಾರದಿಂದಲೇ ಶುರುಮಾಡಿ ಎರಡೆರಡು ವಾರಕ್ಕೆ, ದೊಡ್ಡವಕ್ಕೆ ಮೂರು ತಿಂಗಳಿಗೊಮ್ಮೆ ಕೊಡುವುದು ರೂಢಿ. ಬಾಲದ ಬುಡದಲ್ಲಿ ಅಕ್ಕಿಕಾಳಿನಂಥ ಬಿಳಿ ಚೂರುಗಳು ಕಂಡರೆ ಅವು ಚಿಗಟದಿಂದ ಬರುವ ಲಾಡಿಹುಳುವಿನವು, ಆಗ ಹುಳುವಿಗೂ ಚಿಗಟಕ್ಕೂ ಒಟ್ಟಿಗೆ ಔಷಧಿ ಬೇಕಾಗುತ್ತದೆ.

ವೈದ್ಯರ ಬಳಿ ಹೋಗುವಾಗ ಒಂದು ಸಣ್ಣ ಪುಸ್ತಕ ಜೊತೆಗಿರಲಿ. ನಾವು ಅದರಲ್ಲಿ ತಿಂಗಳಿಗೊಮ್ಮೆಯ ತೂಕ, ಲಸಿಕೆಯ ದಿನಾಂಕ, ಯಾವ ದಿನದಿಂದ ಊಟ ಕಡಿಮೆಯಾಯಿತು, ಎಷ್ಟು ಸಲ ವಾಂತಿಯಾಯಿತು ಎಂಬುದನ್ನೆಲ್ಲ ಬರೆದಿಡುತ್ತೇವೆ. ಕುಂಟುವುದು, ಕೆಮ್ಮುವುದು, ಸೆಳೆತ ಇವು ಆಸ್ಪತ್ರೆಯ ಮೇಜಿನ ಮೇಲೆ ಕಾಣಿಸದೇ ಇರಬಹುದು, ಮೊಬೈಲಿನಲ್ಲಿ ಹಿಡಿದ ಅರ್ಧ ನಿಮಿಷದ ದೃಶ್ಯ ಬಹಳ ಉಪಯೋಗಕ್ಕೆ ಬರುತ್ತದೆ. ಭೇದಿಯಾಗಿದ್ದರೆ ಆ ದಿನದ ಮಲವನ್ನು ಒಂದು ಶುಚಿಯಾದ ಡಬ್ಬಿಯಲ್ಲಿ ಒಯ್ಯಿರಿ. ಮನೆಯಲ್ಲಿ ಏನಾದರೂ ಔಷಧಿ ಕೊಟ್ಟಿದ್ದರೆ, ಬೈಯುತ್ತಾರೆಂಬ ಅಂಜಿಕೆಯಿಂದ ಮುಚ್ಚಿಡದೆ, ಮಾತ್ರೆಯ ಪಟ್ಟಿಯನ್ನೇ ತೆಗೆದುಕೊಂಡು ಹೋಗಿ ಎಷ್ಟು ಹೊತ್ತಿಗೆ, ಎಷ್ಟು ಕೊಟ್ಟಿರೆಂದು ತೋರಿಸಿ. ಪ್ಯಾರಸಿಟಮಾಲ್ ತಿಂದ ಬೆಕ್ಕಿಗೆ ಪ್ರತ್ಯೌಷಧವಿದೆ, ಅದನ್ನು ಕೊಡುವುದಕ್ಕೆ ವೈದ್ಯರಿಗೆ ಬೇಕಾಗಿರುವುದು ಆ ಮಾಹಿತಿಯೇ.